ಮೆಗ್ಗರ್ ಮುಳ್ಳು ಹತ್ತು ನಿಮಿಷ ಏರುತ್ತಲೇ ಇರುವುದೇಕೆ? ನಿರೋಧಕದೊಳಗಿನ ಧ್ರುವೀಕರಣದ ಲೆಕ್ಕ

11 ಕೆವಿ ಮೋಟರಿನ ವೈಂಡಿಂಗ್‌ಗೂ ಅದರ ಬಾಡಿಗೂ ನಡುವೆ 5,000 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್ ಟೆಸ್ಟರನ್ನು, ಎಂದರೆ ಮೆಗ್ಗರನ್ನು, ಗಮನಿಸಿ. ಮೊದಲ ನಿಮಿಷ ಮುಗಿದಾಗ 400 ಮೆಗಾಓಮ್ ತೋರಿಸಿದ ಮೀಟರು ಮೂರನೇ ನಿಮಿಷಕ್ಕೆ 700 ದಾಟಿರುತ್ತದೆ, ಹತ್ತನೇ ನಿಮಿಷಕ್ಕೆ 1,200ರ ಹತ್ತಿರ ಬಂದಿರುತ್ತದೆ. ವೋಲ್ಟೇಜ್ ಬದಲಾಗಿಲ್ಲ. ಉಷ್ಣತೆಯೂ ಅಷ್ಟೇ ಇದೆ. ಮೈಕಾ ಟೇಪ್ ಅದೇ, ರೆಸಿನ್ ಅದೇ. ಹಾಗಿದ್ದರೆ ಹತ್ತು ನಿಮಿಷದಲ್ಲಿ ಇನ್ಸುಲೇಷನ್ ಮೂರು ಪಟ್ಟು ಒಳ್ಳೆಯದಾಗಿದ್ದು ಹೇಗೆ?

ಅದು ಒಳ್ಳೆಯದಾಗಿಲ್ಲ. ಟೆಸ್ಟರು ನಿಜವಾಗಿ ಅಳೆಯುವುದು ಕರೆಂಟನ್ನು. ಕೊಟ್ಟ ವೋಲ್ಟೇಜನ್ನು ಅದರಿಂದ ಭಾಗಿಸಿ ಓಮ್ ಲೆಕ್ಕ ತೋರಿಸುತ್ತದೆ. ಮೊದಲ ನಿಮಿಷಗಳಲ್ಲಿ ಹರಿಯುವ ಕರೆಂಟಿನ ಬಹುಪಾಲು ನಿರೋಧಕವನ್ನು ದಾಟಿ ಆಚೆಗೆ ಸೋರುವುದಿಲ್ಲ. ನಿರೋಧಕದೊಳಗಿನ ಅಣುಗಳೂ ಅಯಾನುಗಳೂ ಇದ್ದಲ್ಲೇ ಒಂಚೂರು ಸರಿದು, ಒಂಚೂರು ತಿರುಗಿ, ಹೊರಗಿನಿಂದ ಬಂದ ವಿದ್ಯುತ್ ಕ್ಷೇತ್ರಕ್ಕೆ ಹೊಂದಿಕೊಳ್ಳುತ್ತಿರುತ್ತವೆ. ಆ ಹೊಂದಿಕೆಗೆ ತಗಲುವ ಕರೆಂಟು ಅದು. ಹೊಂದಿಕೆಯ ಹೆಸರು ಧ್ರುವೀಕರಣ. ಚುನಾವಣೆಯ ಸುದ್ದಿಯಲ್ಲಿ ಬರುವ ಧ್ರುವೀಕರಣದಲ್ಲಿ ಜನ ಈ ಬದಿ ಬಿಟ್ಟು ಆ ಬದಿಗೆ ಹೋಗುತ್ತಾರೆ. ನಿರೋಧಕದ ಧ್ರುವೀಕರಣದಲ್ಲಿ ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಈ ವ್ಯತ್ಯಾಸವನ್ನು ಮೊದಲೇ ಹಿಡಿದುಕೊಂಡರೆ ಮುಂದಿನದು ಸಲೀಸು.

ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಬೇಕು. ಪಠ್ಯಪುಸ್ತಕಗಳು ಧ್ರುವೀಕರಣವನ್ನು ಸ್ವಿಚ್ ಹಾಕಿದೊಡನೆ ಆಗಿಬಿಡುವ ಸಂಗತಿಯಂತೆ ಬರೆದು, ಒಂದು ಸ್ಥಿರಾಂಕ ಕೊಟ್ಟು ಮುಗಿಸುತ್ತವೆ. ಆದರೆ ಧ್ರುವೀಕರಣಕ್ಕೆ ಸಮಯ ಬೇಕು, ಅದರ ಬೇರೆ ಬೇರೆ ಬಗೆಗಳಿಗೆ ಬೇರೆ ಬೇರೆ ಸಮಯ ಬೇಕು. ಮೈಕ್ರೋವೇವ್ ಒಲೆಯಿಂದ ಹಿಡಿದು ಎಚ್‌ವಿಡಿಸಿ (ಅಧಿಕ ವೋಲ್ಟೇಜಿನ ಡಿಸಿ) ಟ್ರಾನ್ಸ್‌ಫಾರ್ಮರ್‌ವರೆಗೆ, ಈ ಸಮಯದ ಲೆಕ್ಕ ತಪ್ಪಿದಲ್ಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ.

ಗೂಟಕ್ಕೆ ಕಟ್ಟಿದ ಎಲೆಕ್ಟ್ರಾನ್

ತಾಮ್ರದಲ್ಲಿ ಎಲೆಕ್ಟ್ರಾನುಗಳು ಬಯಲಿಗೆ ಬಿಟ್ಟ ದನಗಳಂತೆ. ಕ್ಷೇತ್ರ ಕೊಟ್ಟರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತವೆ. ಮೈಕಾ, ಗಾಜು, ಪಾಲಿಥೀನ್‌ಗಳಲ್ಲಿ ಪ್ರತಿ ಎಲೆಕ್ಟ್ರಾನೂ ತನ್ನ ಪರಮಾಣುವಿನ ಗೂಟಕ್ಕೆ ಕಟ್ಟಿಕೊಂಡಿದೆ. ಹಗ್ಗ ಜಗ್ಗಬಹುದು, ಕಿತ್ತುಕೊಳ್ಳಲಾಗದು. ಕ್ಷೇತ್ರ ಎಳೆದ ಕಡೆಗೆ ಎಲೆಕ್ಟ್ರಾನ್ ಮೋಡ ತುಸು ವಾಲುತ್ತದೆ, ಬೀಜಕೇಂದ್ರ ಎದುರು ದಿಕ್ಕಿಗೆ ತುಸು ಸರಿಯುತ್ತದೆ. ಪರಮಾಣುವಿನ ಒಂದು ಬದಿ ಕೊಂಚ ಋಣ, ಇನ್ನೊಂದು ಬದಿ ಕೊಂಚ ಧನ. ಇದೇ ದ್ವಿಧ್ರುವ.

ಎಷ್ಟು ವಾಲುತ್ತದೆ? ಮಿಲಿಮೀಟರಿಗೆ 1,000 ವೋಲ್ಟ್ ಕ್ಷೇತ್ರದಲ್ಲಿ ಆರ್ಗಾನ್ ಪರಮಾಣುವಿನ ಎಲೆಕ್ಟ್ರಾನ್ ಮೋಡ ಸರಿಯುವ ದೂರವನ್ನು ಲೆಕ್ಕ ಹಾಕಿದರೆ ಪರಮಾಣುವಿನ ಅಗಲದ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಬರುತ್ತದೆ. ಒಂದು ಪ್ರೋಟಾನಿನ ತ್ರಿಜ್ಯದ ಹತ್ತರಲ್ಲೊಂದು ಭಾಗವೂ ಆಗುವುದಿಲ್ಲ. ಚಿತ್ರಗಳಲ್ಲಿ ಮೊಟ್ಟೆಯಂತೆ ಉದ್ದಕ್ಕೆ ಎಳೆದ ಪರಮಾಣುವನ್ನು ನೋಡಿ ನೋಡಿ ನಮಗೆ ತಪ್ಪು ಕಲ್ಪನೆ ಕೂತಿದೆ. ಸರಿಯುವ ದೂರ ಇಷ್ಟು ಅಲ್ಪವಾದರೂ ಪರಿಣಾಮ ದೊಡ್ಡದಾಗುವುದಕ್ಕೆ ಕಾರಣ ಪರಮಾಣುಗಳ ಸಂಖ್ಯೆ.

ವಸ್ತುವಿನ ಒಳಗೆ ಒಂದು ದ್ವಿಧ್ರುವದ ಧನ ತುದಿಯ ಪಕ್ಕದಲ್ಲೇ ಮುಂದಿನದರ ಋಣ ತುದಿ ಇರುವುದರಿಂದ ಅಲ್ಲಿ ಎಲ್ಲವೂ ಸರಿದೂಗಿಹೋಗುತ್ತದೆ. ಸರಿದೂಗದೆ ಉಳಿಯುವುದು ಎರಡು ಅಂಚುಗಳು ಮಾತ್ರ: ಒಂದು ಮೇಲ್ಮೈ ಮೇಲೆ ಋಣ ಚಾರ್ಜ್, ಎದುರು ಮೇಲ್ಮೈ ಮೇಲೆ ಧನ ಚಾರ್ಜ್. ಇವು ಹೊರಗಿನ ಕ್ಷೇತ್ರಕ್ಕೆ ಎದುರಾಗಿ ನಿಂತು ಒಳಗಿನ ಕ್ಷೇತ್ರವನ್ನು ತಗ್ಗಿಸುತ್ತವೆ. ಎರಡು ಲೋಹದ ಫಲಕಗಳ ನಡುವೆ ಇಂಥ ವಸ್ತುವನ್ನಿಟ್ಟರೆ, ಅದೇ ವೋಲ್ಟೇಜಿಗೆ ಫಲಕಗಳು ಮೊದಲಿಗಿಂತ ಹೆಚ್ಚು ಚಾರ್ಜ್ ಹಿಡಿಯುತ್ತವೆ. ಎಷ್ಟು ಪಟ್ಟು ಹೆಚ್ಚು ಎಂಬುದೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ಇದನ್ನು 1837ರಲ್ಲಿ ಅಳೆದು ತೋರಿಸಿದ್ದು ಮೈಕೆಲ್ ಫ್ಯಾರಡೆ: ಒಂದರೊಳಗೊಂದು ಇಟ್ಟ ಹಿತ್ತಾಳೆ ಗೋಳಗಳ ನಡುವೆ ಅರಗು, ಗಂಧಕ, ಗಾಜು ತುಂಬಿ, ಪ್ರತಿಯೊಂದೂ ಗಾಳಿಗಿಂತ ಎಷ್ಟು ಹೆಚ್ಚು ಚಾರ್ಜ್ ಹಿಡಿಯಲು ಬಿಡುತ್ತದೆಂದು ನೋಡಿದರು. ಅದುವರೆಗೆ ನಿರೋಧಕವೆಂದರೆ ಸುಮ್ಮನೆ ಅಡ್ಡ ನಿಂತ ಗೋಡೆ ಎಂದುಕೊಂಡಿದ್ದರು. ಗೋಡೆಗೂ ಕೆಲಸವಿದೆ ಎಂದು ತೋರಿಸಿದ್ದು ಆ ಪ್ರಯೋಗ.

ಕೆಲವು ಅಂಕಿಗಳು ಬಾಯಲ್ಲಿರಬೇಕು. ಗಾಳಿ 1.0006. ಪಾಲಿಪ್ರೊಪಿಲೀನ್ ಮತ್ತು ಟ್ರಾನ್ಸ್‌ಫಾರ್ಮರ್ ಎಣ್ಣೆ ಎರಡೂ ಸುಮಾರು 2.2. ಕೇಬಲ್ಲಿನ ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪಾಲಿಥೀನ್) 2.3. ಎಣ್ಣೆಯಲ್ಲಿ ನೆಂದ ಪ್ರೆಸ್‌ಬೋರ್ಡ್ (ಒತ್ತಿ ಮಾಡಿದ ಕಾಗದದ ಹಲಗೆ) 4.4ರ ಆಸುಪಾಸು. ಮೈಕಾ 5ರಿಂದ 7. ನೀರು, 20 ಡಿಗ್ರಿಯಲ್ಲಿ, 80. ಬೇರಿಯಂ ಟೈಟನೇಟ್ ಸಾವಿರಗಳಲ್ಲಿ. ಇಷ್ಟೊಂದು ಅಂತರ ಎಲೆಕ್ಟ್ರಾನ್ ಮೋಡದ ವಾಲುವಿಕೆಯೊಂದರಿಂದಲೇ ಬರಲಾರದು. ಬೇರೆ ಬಗೆಗಳೂ ಇವೆ.

ನಾಲ್ಕು ಬಗೆ, ನಾಲ್ಕು ಗಡಿಯಾರ

ಎಲೆಕ್ಟ್ರಾನ್ ಮೋಡದ ವಾಲುವಿಕೆ ಎಲ್ಲ ವಸ್ತುಗಳಲ್ಲೂ ಇದೆ, ಎಲ್ಲಕ್ಕಿಂತ ಚುರುಕು. ಸೆಕೆಂಡನ್ನು ಒಂದು ಕೋಟಿ ಪಾಲು ಮಾಡಿ, ಅದರ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಬರುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಬೆಳಕಿನ ಅತಿ ಚುರುಕಿನ ಏರಿಳಿತಕ್ಕೂ ಇದು ಹೆಜ್ಜೆ ಹಾಕಬಲ್ಲದು. ಉಪ್ಪು, ಪಿಂಗಾಣಿ, ಗಾಜುಗಳಲ್ಲಿ ಧನ ಅಯಾನು ಒಂದು ಕಡೆಗೂ ಋಣ ಅಯಾನು ಇನ್ನೊಂದು ಕಡೆಗೂ ಸರಿಯುವ ಅಯಾನಿಕ ಬಗೆ ಅದಕ್ಕಿಂತ ನೂರಾರು ಪಟ್ಟು ನಿಧಾನ, ಆದರೂ ನಮ್ಮ ಕೆಲಸದ ಮಟ್ಟಿಗೆ ಕ್ಷಣಾರ್ಧದ ವ್ಯವಹಾರವೇ.

ಮೂರನೆಯದು ದ್ವಿಧ್ರುವಗಳ ತಿರುಗುವಿಕೆ. ನೀರಿನ ಅಣು ಹುಟ್ಟಿನಿಂದಲೇ ದ್ವಿಧ್ರುವ. ಆಮ್ಲಜನಕದ ಬದಿ ಋಣ, ಜಲಜನಕಗಳ ಬದಿ ಧನ. ಕ್ಷೇತ್ರವಿಲ್ಲದಾಗ ಅಣುಗಳು ಸಿಕ್ಕಸಿಕ್ಕ ದಿಕ್ಕಿಗೆ ಮುಖ ಮಾಡಿರುತ್ತವೆ, ಕ್ಷೇತ್ರ ಬಂದಾಗ ಅದರತ್ತ ತಿರುಗಲು ನೋಡುತ್ತವೆ. ಇಲ್ಲೂ ಪುಸ್ತಕದ ಚಿತ್ರ ದಾರಿ ತಪ್ಪಿಸುತ್ತದೆ: ಅಣುಗಳು ಕವಾಯತಿಗೆ ನಿಂತ ಪೊಲೀಸರಂತೆ ಸಾಲಾಗಿ ನಿಲ್ಲುವುದಿಲ್ಲ. ಮಿಲಿಮೀಟರಿಗೆ 1,000 ವೋಲ್ಟ್‌ನಲ್ಲಿ ಒಂಟಿ ನೀರಿನ ಅಣುವನ್ನು ತಿರುಗಿಸುವ ಶಕ್ತಿಯನ್ನು ಕೋಣೆಯ ಉಷ್ಣತೆಯ ಕುಲುಕಾಟದ ಶಕ್ತಿಯ ಜೊತೆ ಹೋಲಿಸಿದರೆ ಸಾವಿರಕ್ಕೆ ಒಂದೂವರೆ ಪಾಲು. ಸರಾಸರಿ ವಾಲುವಿಕೆ ಶೇ 0.05. ಜಾತ್ರೆಯ ನೂಕುನುಗ್ಗಲಲ್ಲಿ ಎಲ್ಲರೂ ಎಲ್ಲ ಕಡೆಗೂ ನಡೆಯುತ್ತಿದ್ದು, ತೇರಿನ ಕಡೆಗೆ ಒಂದಿಷ್ಟು ಒಲವು ಕಂಡರೆ ಹೇಗೋ ಹಾಗೆ. ಉಷ್ಣತೆ ಏರಿದಂತೆ ಈ ಒಲವೂ ಕುಗ್ಗುತ್ತದೆ. 20 ಡಿಗ್ರಿಯಲ್ಲಿ 80 ಇದ್ದ ನೀರಿನ ಸ್ಥಿರಾಂಕ ಕುದಿಯುವ ಹೊತ್ತಿಗೆ ಸುಮಾರು 55ಕ್ಕೆ ಇಳಿಯುವುದಕ್ಕೆ ಮುಖ್ಯ ಕಾರಣ ಇದು. ದ್ವಿಧ್ರುವಗಳ ಈ ವರ್ತನೆಯನ್ನು ಲೆಕ್ಕಕ್ಕೆ ತಂದ ಪೀಟರ್ ಡಿಬೈ ಅವರಿಗೆ 1936ರ ರಸಾಯನಶಾಸ್ತ್ರದ ನೊಬೆಲ್ ಬಂತು.

ನಾಲ್ಕನೆಯದು ಗಡಿಗಳಲ್ಲಿ ಚಾರ್ಜ್ ಶೇಖರವಾಗುವ ಬಗೆ. ಎಣ್ಣೆ ಮತ್ತು ಕಾಗದ, ಮೈಕಾ ಮತ್ತು ರೆಸಿನ್, ರೆಸಿನ್ ಮತ್ತು ಗಾಜಿನ ಬಟ್ಟೆ ಹೀಗೆ ಎರಡು ವಸ್ತು ಕೂಡುವ ಕಡೆಯೆಲ್ಲ ಇದು ನಡೆಯುತ್ತದೆ. ಒಂದರಲ್ಲಿ ಅಲ್ಪಸ್ವಲ್ಪ ಅಯಾನುಗಳು ಓಡಾಡಬಲ್ಲವು, ಇನ್ನೊಂದರಲ್ಲಿ ಅಷ್ಟು ಸಾಧ್ಯವಿಲ್ಲ. ಗಡಿಯಲ್ಲಿ ಗುಂಪು ಕೂಡುತ್ತವೆ. ಇದರ ಗಡಿಯಾರ ಸೆಕೆಂಡು, ನಿಮಿಷ, ಕೆಲವೊಮ್ಮೆ ಗಂಟೆಗಳಲ್ಲಿ ನಡೆಯುತ್ತದೆ. ಮೆಗ್ಗರ್ ಮುಳ್ಳನ್ನು ಹತ್ತು ನಿಮಿಷ ಓಡಿಸುವುದರಲ್ಲಿ ಇದರದೇ ದೊಡ್ಡ ಪಾಲು.

ಒಂದೇ ವಸ್ತುವಿನಲ್ಲಿ ಹಲವು ಬಗೆಗಳು ಒಟ್ಟಿಗೆ ಇರುತ್ತವೆ. ಕ್ಷೇತ್ರ ನಿಧಾನವಾಗಿ ಬದಲಾದರೆ ಎಲ್ಲವೂ ಜೊತೆಗೂಡಿ ದೊಡ್ಡ ಸ್ಥಿರಾಂಕ ಕೊಡುತ್ತವೆ. ವೇಗ ಹೆಚ್ಚಿದಂತೆ ನಿಧಾನದವು ಒಂದೊಂದಾಗಿ ಹಿಂದೆ ಬೀಳುತ್ತವೆ. ನೀರಿನ ಉದಾಹರಣೆ ಸಾಕು: ನಿಂತ ಕ್ಷೇತ್ರಕ್ಕೆ 80, ಬೆಳಕಿಗೆ ಬರೀ 1.77. ಬೆಳಕಿನ ಏರಿಳಿತಕ್ಕೆ ಎಲೆಕ್ಟ್ರಾನ್ ಮೋಡ ಮಾತ್ರ ಓಗೊಡುತ್ತದೆ, ಇಡೀ ಅಣುವಿಗೆ ತಿರುಗಲು ಪುರುಸೊತ್ತೇ ಇಲ್ಲ.

ಹಿಂದೆ ಬೀಳುವ ಹೊತ್ತಿನಲ್ಲಿ ಹುಟ್ಟುವ ಬಿಸಿ

ದ್ವಿಧ್ರುವಗಳು ಕ್ಷೇತ್ರದ ಏರಿಳಿತಕ್ಕೆ ಪೂರ್ತಿ ಜೊತೆಗಿದ್ದರೂ ನಷ್ಟವಿಲ್ಲ, ಪೂರ್ತಿ ಕೈಬಿಟ್ಟರೂ ನಷ್ಟವಿಲ್ಲ. ಜೊತೆಗೆ ಬರಲು ಹೆಣಗುತ್ತಾ ಸ್ವಲ್ಪ ಹಿಂದೆ ಬೀಳುವ ಆವರ್ತನದಲ್ಲಿ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ನೀರಿಗೆ ಈ ಆವರ್ತನ 25 ಡಿಗ್ರಿಯಲ್ಲಿ ಸುಮಾರು 19 ಗಿಗಾಹರ್ಟ್ಸ್. ಮನೆಯ ಮೈಕ್ರೋವೇವ್ ನಡೆಯುವುದು 2.45ರಲ್ಲಿ. ‘2.45 ನೀರಿನ ಅಣುವಿನ ಅನುರಣನ ಆವರ್ತನ’ ಎಂದು ಎಷ್ಟೋ ಕಡೆ ಬರೆದಿರುತ್ತಾರೆ, ಅದು ತಪ್ಪು. 19ರಲ್ಲಿ ಓಡಿಸಿದ್ದರೆ ಆಹಾರದ ಮೇಲ್ಪದರವೇ ಎಲ್ಲ ಶಕ್ತಿ ಹೀರಿ ಒಳಭಾಗ ತಣ್ಣಗೆ ಉಳಿಯುತ್ತಿತ್ತು. ಕಡಿಮೆ ಆವರ್ತನದಿಂದಾಗಿ ಅಲೆ ಒಂದೆರಡು ಸೆಂಟಿಮೀಟರ್ ಒಳಗಿಳಿಯುತ್ತದೆ.

ಮಂಜುಗಡ್ಡೆಯಲ್ಲಿ ಅದೇ ಅಣುಗಳು ಸ್ಫಟಿಕದಲ್ಲಿ ಬಿಗಿಯಾಗಿವೆ. ಅವುಗಳ ತಿರುಗುವ ಆವರ್ತನ ಕೆಲವೇ ಕಿಲೋಹರ್ಟ್ಸ್‌ಗೆ ಇಳಿದಿದೆ, 2.45 ಗಿಗಾಹರ್ಟ್ಸ್‌ಗೆ ಅವು ಕದಲುವುದೇ ಇಲ್ಲ, ಸ್ಥಿರಾಂಕ 3.2ರಷ್ಟು ಮಾತ್ರ. ಫ್ರೀಜರಿನಿಂದ ತೆಗೆದ ಆಹಾರವನ್ನು ಪೂರ್ಣ ಶಕ್ತಿಯಲ್ಲಿ ಇಟ್ಟರೆ ಒಂದು ಮೂಲೆ ಕುದಿಯುತ್ತಿರುವಾಗ ನಡುವೆ ಗಡ್ಡೆ ಹಾಗೇ ಇರುವುದಕ್ಕೆ ಇದೇ ಕಾರಣ. ಮೊದಲು ಕರಗಿದ ಹನಿ ಶಕ್ತಿಯನ್ನೆಲ್ಲ ಬಾಚಿಕೊಳ್ಳುತ್ತದೆ. ಡಿಫ್ರಾಸ್ಟ್ ಗುಂಡಿ ಶಕ್ತಿಯನ್ನು ಬಿಟ್ಟು ಬಿಟ್ಟು ಕೊಡುವುದು, ಆ ಬಿಸಿ ಹರಡಲು ಸಮಯ ಸಿಗಲಿ ಎಂದು.

50 ಹರ್ಟ್ಸ್‌ನಲ್ಲೂ ಇದೇ ನಷ್ಟ ಇದೆ. ಅದರ ಅಳತೆ ಟ್ಯಾನ್ ಡೆಲ್ಟಾ. ಲೆಕ್ಕ ಸುಲಭ: ಕೆಪಾಸಿಟರಿನ ವಿಎಆರ್ (ರಿಯಾಕ್ಟಿವ್ ಪವರ್‌ನ ಅಳತೆ) ಅನ್ನು ಟ್ಯಾನ್ ಡೆಲ್ಟಾದಿಂದ ಗುಣಿಸಿದರೆ ಬಿಸಿಯಾಗುವ ವ್ಯಾಟ್ ಸಿಗುತ್ತದೆ. ಪಂಪ್‌ಸೆಟ್ ಪಕ್ಕದ 5 ಕೆವಿಎಆರ್ ಕೆಪಾಸಿಟರಿನಲ್ಲಿ ಪಾಲಿಪ್ರೊಪಿಲೀನ್ ಫಿಲ್ಮ್ ಇದ್ದು ಟ್ಯಾನ್ ಡೆಲ್ಟಾ 0.0002 ಆದರೆ, ಡೈಎಲೆಕ್ಟ್ರಿಕ್‌ನಲ್ಲಿ ಪೋಲಾಗುವುದು 1 ವ್ಯಾಟ್. ಎಣ್ಣೆ-ಕಾಗದದ ಹಳೆಯ ಕಾಲದಲ್ಲಿ ಟ್ಯಾನ್ ಡೆಲ್ಟಾ 0.003 ಇತ್ತೆಂದರೆ ಅದೇ ಡಬ್ಬಿಯಲ್ಲಿ 15 ವ್ಯಾಟ್. ಕಾಗದದ ಸೆಲ್ಯುಲೋಸ್‌ನಲ್ಲಿ ತಿರುಗಬಲ್ಲ ದ್ವಿಧ್ರುವಗಳಿವೆ, ಪಾಲಿಪ್ರೊಪಿಲೀನ್‌ನಲ್ಲಿ ಬಹುತೇಕ ಎಲೆಕ್ಟ್ರಾನ್ ಮೋಡದ ವಾಲುವಿಕೆ ಮಾತ್ರ. ಸ್ಥಿರಾಂಕ ಚಿಕ್ಕದಾದರೂ ಪಾಲಿಪ್ರೊಪಿಲೀನ್ ಗೆದ್ದಿದ್ದು ಈ ಕಾರಣಕ್ಕೆ. ದೊಡ್ಡ ಸ್ಥಿರಾಂಕ ಎಂದರೆ ಒಳ್ಳೆಯ ನಿರೋಧಕ ಎಂದು ತಿಳಿಯುವುದು ದುಬಾರಿ ತಪ್ಪು.

ಖಾಲಿ ಜಾಗದ ಮೇಲೆ ಬೀಳುವ ಹೊರೆ

ಎರಡು ವಸ್ತುಗಳನ್ನು ಪದರ ಪದರವಾಗಿ ಇಟ್ಟು ಎಸಿ ಕೊಟ್ಟರೆ, ಕಡಿಮೆ ಸ್ಥಿರಾಂಕದ ಪದರಕ್ಕೆ ಹೆಚ್ಚು ಕ್ಷೇತ್ರ ಬೀಳುತ್ತದೆ. ಧ್ರುವೀಕರಣ ತನ್ನೊಳಗಿನ ಕ್ಷೇತ್ರವನ್ನು ತಗ್ಗಿಸುತ್ತದಲ್ಲ, ತಗ್ಗಿಸಲಾಗದ ವಸ್ತು ಆ ಹೊರೆ ಹೊರಬೇಕು. ಅತ್ಯಂತ ಕಡಿಮೆ ಸ್ಥಿರಾಂಕ ಗಾಳಿಯದು, ಅತ್ಯಂತ ಬಡ ನಿರೋಧಕವೂ ಅದೇ.

11 ಕೆವಿ ಮೋಟರಿನ ಕಾಯಿಲ್ ಮೇಲೆ 3 ಮಿ.ಮೀ ದಪ್ಪದ ಮೈಕಾ-ಎಪಾಕ್ಸಿ ಗೋಡೆ ಇದೆ ಎನ್ನಿ. ಫೇಸ್‌ನಿಂದ ಭೂಮಿಗೆ 6.35 ಕೆವಿ, ಅದರ ಶಿಖರ ಸುಮಾರು 9 ಕೆವಿ. ಗೋಡೆಯಲ್ಲಿ ಮಿಲಿಮೀಟರಿಗೆ 3 ಕೆವಿ. ಗೋಡೆಯೊಳಗೆ 0.1 ಮಿ.ಮೀ ದಪ್ಪದ ಚಪ್ಪಟೆ ಗಾಳಿಗುಳ್ಳೆ ಉಳಿದಿದ್ದರೆ, ಮೈಕಾ-ಎಪಾಕ್ಸಿಯ ಸ್ಥಿರಾಂಕ ಸುಮಾರು 4 ಆದ್ದರಿಂದ, ಅದರೊಳಗೆ 4 ಪಟ್ಟು, ಎಂದರೆ ಮಿಲಿಮೀಟರಿಗೆ 12 ಕೆವಿ. ಅಷ್ಟು ತೆಳು ಗಾಳಿ ಪದರ ಸುಮಾರು 10ಕ್ಕೇ ಕೈಕೊಡುತ್ತದೆ. ಒಳಗೆ ಕಿಡಿ ಹಾರುತ್ತದೆ, ಸೆಕೆಂಡಿಗೆ ನೂರಾರು ಬಾರಿ, ವರ್ಷಗಟ್ಟಲೆ. ಇದೇ ಪಾರ್ಷಿಯಲ್ ಡಿಸ್‌ಚಾರ್ಜ್. ಮೈಕಾ ತಡೆದುಕೊಳ್ಳುತ್ತದೆ, ರೆಸಿನ್ ಸವೆಯುತ್ತದೆ.

ರೀವೈಂಡಿಂಗ್‌ನಲ್ಲಿ ನಿರ್ವಾತ ಎಳೆದು, ರೆಸಿನ್ ಬಿಟ್ಟು, ಒತ್ತಡ ಕೊಟ್ಟು ತುಂಬಿಸುವುದು ಈ ಗುಳ್ಳೆಗಳಿಗಾಗಿ. ನಿರ್ವಾತದ ಹಂತವನ್ನು ಬೇಗ ಮುಗಿಸಿದರೆ ಟೇಪಿನ ಒಳಸುತ್ತುಗಳಲ್ಲಿ ತೇವ ಮತ್ತು ಗಾಳಿ ಉಳಿಯುತ್ತವೆ. ರೆಸಿನ್ ತೀರಾ ತೆಳುವಾಗಿದ್ದರೆ ಓವನ್‌ಗೆ ಹೋಗುವ ಮೊದಲೇ ಸೋರಿಹೋಗುತ್ತದೆ. ಎರಡೂ ಸಂದರ್ಭದಲ್ಲಿ ಮೆಗಾಓಮ್ ಚೆನ್ನಾಗಿಯೇ ಬರಬಹುದು; ಒಣ ಗುಳ್ಳೆ ಡಿಸಿ ಟೆಸ್ಟಿಗೆ ಕಾಣುವುದಿಲ್ಲ. ಅದಕ್ಕೆ ಪಾರ್ಷಿಯಲ್ ಡಿಸ್‌ಚಾರ್ಜ್ ಅಳತೆ ಅಥವಾ ವೋಲ್ಟೇಜ್ ಏರಿಸುತ್ತಾ ಟ್ಯಾನ್ ಡೆಲ್ಟಾ ನೋಡುವ ಟಿಪ್-ಅಪ್ ಟೆಸ್ಟ್ ಬೇಕು.

ಕ್ಷೇತ್ರವಿಲ್ಲದೆಯೂ ಧ್ರುವೀಕರಣಗೊಂಡ ವಸ್ತುಗಳು

ಬೇರಿಯಂ ಟೈಟನೇಟ್‌ನಲ್ಲಿ ಸುಮಾರು 120 ಡಿಗ್ರಿಯ ಕೆಳಗೆ ಟೈಟೇನಿಯಂ ಅಯಾನು ತಾನಾಗಿಯೇ ತನ್ನ ಆಮ್ಲಜನಕದ ಪಂಜರದ ನಡುವಿನಿಂದ ಒಂದು ಬದಿಗೆ ಸರಿದು ಕೂರುತ್ತದೆ. ಇದರಿಂದ ಬರುವ ಧ್ರುವೀಕರಣ ಚದರ ಮೀಟರಿಗೆ ಸುಮಾರು 0.26 ಕೂಲಂಬ್. ಪಾಲಿಪ್ರೊಪಿಲೀನ್ ಮಿಲಿಮೀಟರಿಗೆ 1,000 ವೋಲ್ಟ್‌ನಲ್ಲಿ ಕೊಡುವುದಕ್ಕಿಂತ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಫೋನಿನೊಳಗಿನ ಸಾಸಿವೆ ಕಾಳಿಗಿಂತ ಚಿಕ್ಕ ಸೆರಾಮಿಕ್ ಕೆಪಾಸಿಟರುಗಳು ನಡೆಯುವುದು ಇದರ ಬಲದಿಂದ.

ಸರ್ಕೀಟ್ ಬರೆಯುವವರು ಎಡವುವುದೂ ಇಲ್ಲೇ. ಸ್ಥಿರಾಂಕವೇ ಇಲ್ಲಿ ಸ್ಥಿರವಲ್ಲ: ಡಿಸಿ ವೋಲ್ಟೇಜ್ ಹೆಚ್ಚಿದಂತೆ ಅಯಾನುಗಳು ಒಂದೇ ಬದಿಗೆ ಸಿಕ್ಕಿಹಾಕಿಕೊಂಡು, ಇನ್ನಷ್ಟು ಧ್ರುವೀಕರಣಕ್ಕೆ ಜಾಗ ಉಳಿಯುವುದಿಲ್ಲ. 10 ಮೈಕ್ರೋಫ್ಯಾರಡ್ ಎಂದು ಬರೆದ ಚಿಕ್ಕ ಗಾತ್ರದ ಎಕ್ಸ್7ಆರ್ ಕೆಪಾಸಿಟರ್ ತನ್ನ ರೇಟೆಡ್ ವೋಲ್ಟೇಜಿನ ಹತ್ತಿರ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳಬಹುದು. ಎಕ್ಸ್7ಆರ್ ಎಂಬ ಹೆಸರು ಮೈನಸ್ 55ರಿಂದ 125 ಡಿಗ್ರಿವರೆಗೆ ಶೇ 15ರೊಳಗಿನ ಬದಲಾವಣೆಯ ಭರವಸೆ ಕೊಡುವುದು ಉಷ್ಣತೆಯ ಬಗ್ಗೆ, ವೋಲ್ಟೇಜಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಡೇಟಾಶೀಟಿನ ಡಿಸಿ ಬಯಾಸ್ ರೇಖೆ ನೋಡಿ, ದೊಡ್ಡ ಗಾತ್ರ ಅಥವಾ ಹೆಚ್ಚು ರೇಟಿಂಗ್‌ನದು ಆರಿಸಬೇಕು. ನಿಖರತೆ ಬೇಕಾದ ಫಿಲ್ಟರ್, ಟೈಮರ್‌ಗಳಿಗೆ ಬಹುತೇಕ ಬದಲಾಗದ ಸಿ0ಜಿ ಬಗೆಯ ಸೆರಾಮಿಕ್ ಬಳಸಬೇಕು.

ಕೋಲಾರದ ಟ್ರಾನ್ಸ್‌ಫಾರ್ಮರಿನಲ್ಲಿ ಗಡಿಯ ಚಾರ್ಜ್

ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ 500 ಕೆವಿ ಡಿಸಿ ಮಾರ್ಗ 2003ರಿಂದ ವಿದ್ಯುತ್ ತರುತ್ತಿದೆ. ಇಂಥ ಮಾರ್ಗದ ತುದಿಯಲ್ಲಿ ಎಸಿ-ಡಿಸಿ ಪರಿವರ್ತನೆಗಾಗಿ ಇರುವ ಕನ್ವರ್ಟರ್ ಟ್ರಾನ್ಸ್‌ಫಾರ್ಮರುಗಳ ಇನ್ಸುಲೇಷನ್ ಮೇಲೆ ಎಸಿಯ ಜೊತೆಗೆ ಡಿಸಿಯೂ ಬೀಳುತ್ತದೆ. ಎಣ್ಣೆ ಮತ್ತು ಪ್ರೆಸ್‌ಬೋರ್ಡ್ ಸಮ ದಪ್ಪದ ಎರಡು ಪದರ ಎಂದುಕೊಂಡು ಲೆಕ್ಕ ಹಾಕೋಣ. ಎಸಿಯಲ್ಲಿ ಹಂಚಿಕೆ ಸ್ಥಿರಾಂಕದ ಪ್ರಕಾರ: ಎಣ್ಣೆಗೆ ಮೂರರಲ್ಲಿ ಎರಡು ಪಾಲು, ಬೋರ್ಡಿಗೆ ಒಂದು ಪಾಲು. ಡಿಸಿ ಬಹಳ ಹೊತ್ತು ನಿಂತ ಮೇಲೆ ಹಂಚಿಕೆ ರೆಸಿಸ್ಟೆನ್ಸ್ ಪ್ರಕಾರ. ಬೋರ್ಡಿನ ರೋಧ ಎಣ್ಣೆಯದಕ್ಕಿಂತ ನೂರು ಪಟ್ಟು ಇದ್ದರೆ ಹೆಚ್ಚುಕಡಿಮೆ ಎಲ್ಲವೂ ಬೋರ್ಡಿನ ಮೇಲೆ, ಎಣ್ಣೆ ನಿರಾಳ. ಒಂದು ಹಂಚಿಕೆಯಿಂದ ಇನ್ನೊಂದಕ್ಕೆ ಹೋಗುವಾಗ ಎರಡರ ಗಡಿಯಲ್ಲಿ ಚಾರ್ಜ್ ತುಂಬಿಕೊಂಡಿರುತ್ತದೆ.

ಈಗ ಧ್ರುವತೆಯನ್ನು ಥಟ್ಟನೆ ತಿರುಗಿಸಿ. ಹಳೆಯ ಬಗೆಯ ಥೈರಿಸ್ಟರ್ ಎಚ್‌ವಿಡಿಸಿಯಲ್ಲಿ ವಿದ್ಯುತ್ತಿನ ದಿಕ್ಕು ಬದಲಿಸುವುದೇ ಹೀಗೆ. ಮೈನಸ್ 100ರಿಂದ ಪ್ಲಸ್ 100ಕ್ಕೆ ಆದ 200ರ ಜಿಗಿತ ಕ್ಷಣದಲ್ಲಿ ನಡೆಯುವುದರಿಂದ ಅದು ಸ್ಥಿರಾಂಕದಂತೆ ಹಂಚಿಕೆಯಾಗುತ್ತದೆ: ಎಣ್ಣೆಗೆ 133, ಬೋರ್ಡಿಗೆ 67. ಎಣ್ಣೆ ಸೊನ್ನೆಯಿಂದ ಹೊರಟಿತ್ತು, ಆದ್ದರಿಂದ ಅದರ ಮೇಲೆ ಈಗ 133. ಬೋರ್ಡು ಮೈನಸ್ 100ರಲ್ಲಿತ್ತು, ಈಗ ಮೈನಸ್ 33. ಹೊರಗೆ ಕೊಟ್ಟ ಒಟ್ಟು ವೋಲ್ಟೇಜಿಗಿಂತ ಹೆಚ್ಚು ಎಣ್ಣೆಯೊಂದರ ಮೇಲೇ ಬಿದ್ದಿದೆ! ಗಡಿಯ ಹಳೆಯ ಚಾರ್ಜ್ ಇನ್ನೂ ಹೊರಟುಹೋಗಿಲ್ಲ, ಅದೇ ಇದಕ್ಕೆ ಕಾರಣ. ಈ ಹೊರೆಯನ್ನು ತಾಳುತ್ತದೆಯೇ ಎಂದು ನೋಡಲು ಕನ್ವರ್ಟರ್ ಟ್ರಾನ್ಸ್‌ಫಾರ್ಮರುಗಳಿಗೆ ಧ್ರುವತೆ ತಿರುಗಿಸುವ ಪ್ರತ್ಯೇಕ ಟೆಸ್ಟ್ ಇದೆ: ಒಂದು ಧ್ರುವತೆಯಲ್ಲಿ 90 ನಿಮಿಷ, ತಿರುಗಿಸಿ 90 ನಿಮಿಷ, ಮತ್ತೆ ತಿರುಗಿಸಿ 45 ನಿಮಿಷ. ಅಷ್ಟು ಹೊತ್ತು ಕಾಯುವುದು ಗಡಿಯ ಧ್ರುವೀಕರಣ ಪೂರ್ತಿಯಾಗಲಿ ಎಂದೇ.

ಮೋಟರಿನ ಬಳಿಗೆ ಮರಳಿ

ಡಿಸಿ ಕೊಟ್ಟಾಗ ವೈಂಡಿಂಗ್‌ನಲ್ಲಿ ಹರಿಯುವ ಕರೆಂಟಿಗೆ ನಾಲ್ಕು ಪಾಲು. ಫಲಕಗಳಿಗೆ (ಇಲ್ಲಿ ವೈಂಡಿಂಗ್ ಮತ್ತು ಬಾಡಿ) ತುಂಬುವ ಕೆಪಾಸಿಟಿವ್ ಕರೆಂಟು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಧಾನದ ಧ್ರುವೀಕರಣದ ಕರೆಂಟು ಬಹುಮಟ್ಟಿಗೆ ಕಾಲಕ್ಕೆ ವಿಲೋಮವಾಗಿ ಇಳಿಯುತ್ತಾ ಹೋಗುತ್ತದೆ. ಒಳಗಿಂದ ಸೋರುವ ಕರೆಂಟು ಮತ್ತು ಮೇಲ್ಮೈಯ ಕೊಳೆ-ತೇವದ ಮೂಲಕ ಸೋರುವ ಕರೆಂಟು ಕಾಲಕ್ಕೆ ಬದಲಾಗುವುದಿಲ್ಲ.

ಒಣ ವೈಂಡಿಂಗ್‌ನ 400 ಮೆಗಾಓಮ್ ಎಂದರೆ 12.5 ಮೈಕ್ರೋಆಂಪ್, 1,200 ಎಂದರೆ 4.2. ಇಳಿದದ್ದು 8.3. ಅದೇ ವೈಂಡಿಂಗ್ ಮಳೆಗಾಲದಲ್ಲಿ ತೇವ ಹಿಡಿದು 75 ಮೈಕ್ರೋಆಂಪ್ ಸೋರುತ್ತಿದ್ದರೆ, ಮೊದಲ ನಿಮಿಷಕ್ಕೆ 87.5, ಹತ್ತನೇ ನಿಮಿಷಕ್ಕೆ 79.2. ಮೀಟರಿನಲ್ಲಿ 57 ಮತ್ತು 63 ಮೆಗಾಓಮ್. ಧ್ರುವೀಕರಣ ಎರಡರಲ್ಲೂ ಅಷ್ಟೇ ಇದೆ, ಎರಡನೆಯದರಲ್ಲಿ ಸೋರಿಕೆಯ ಪ್ರವಾಹದಲ್ಲಿ ಮುಳುಗಿಹೋಗಿದೆ. ಹತ್ತನೇ ನಿಮಿಷದ ಅಂಕಿಯನ್ನು ಒಂದನೇ ನಿಮಿಷದ್ದರಿಂದ ಭಾಗಿಸಿದರೆ ಸಿಗುವ ಪೋಲರೈಸೇಷನ್ ಇಂಡೆಕ್ಸ್, ಎಂದರೆ ಪಿಐ, ಮೊದಲಿನದರಲ್ಲಿ 3, ಎರಡನೆಯದರಲ್ಲಿ 1.1. ಎಂಜಿನಿಯರುಗಳ ಸಂಸ್ಥೆ ಐಇಇಇಯ 43ನೇ ಮಾನಕ, ಶಾಖ ತಾಳಿಕೆಯಲ್ಲಿ ಬಿ, ಎಫ್, ಎಚ್ ದರ್ಜೆಯ ಇನ್ಸುಲೇಷನ್‌ಗೆ ಕನಿಷ್ಠ 2, ಎ ದರ್ಜೆಗೆ 1.5 ಕೇಳುತ್ತದೆ. ಒಂದನೇ ನಿಮಿಷದಲ್ಲೇ 5,000 ಮೆಗಾಓಮ್ ಮೀರಿದರೆ ಪಿಐಗೆ ಅರ್ಥವಿಲ್ಲ, ಕರೆಂಟು ಅಷ್ಟು ಅಲ್ಪವಾದಾಗ ಅಳತೆಯೇ ನೆಚ್ಚುವಂತಿರುವುದಿಲ್ಲ. ಇನ್ನೊಂದು ತುದಿಯಲ್ಲಿ, ಹಳೆಯ ವೈಂಡಿಂಗ್ ಪಿಐ 8 ದಾಟಿಸಿದರೆ ಹಿಗ್ಗಬಾರದು. ಇನ್ಸುಲೇಷನ್ ಬೆಂದು ಒಣಗಿ ಪೆಡಸಾಗಿರಬಹುದು.

ಟೆಸ್ಟ್ ವೋಲ್ಟೇಜು ಮಷೀನಿನ ರೇಟಿಂಗ್‌ಗೆ ತಕ್ಕಂತೆ: 1,000 ವೋಲ್ಟ್ ಒಳಗಿನವಕ್ಕೆ 500, 1,000ದಿಂದ 2,500ಕ್ಕೆ 500–1,000, 5,000ದವರೆಗೆ 1,000–2,500, 12,000ದವರೆಗೆ 2,500–5,000. ಮನೆಯ ಹಿಂದಿನ 415 ವೋಲ್ಟ್ ಪಂಪಿಗೆ 2,500 ಕೊಟ್ಟು ಸಾಮರ್ಥ್ಯ ಪರೀಕ್ಷಿಸುವುದು ಅನ್ಯಾಯ. ಸರ್ಜ್ ಅರೆಸ್ಟರ್, ಕೆಪಾಸಿಟರ್, ಮೋಟರಿನ ವೇಗ ನಿಯಂತ್ರಿಸುವ ವಿಎಫ್‌ಡಿಗಳನ್ನು ಬಿಚ್ಚಿಡಬೇಕು. ಬಿಚ್ಚದಿದ್ದರೆ ಅಳೆಯುವುದು ಅವನ್ನೇ, ವಿಎಫ್‌ಡಿಯಂತೂ ಸುಟ್ಟೇಹೋಗುತ್ತದೆ. ಸಾಧ್ಯವಾದರೆ ಒಂದೊಂದು ಫೇಸನ್ನು ಬೇರೆಯಾಗಿ, ಉಳಿದೆರಡನ್ನು ಭೂಮಿಗೆ ಕಟ್ಟಿ ಟೆಸ್ಟ್ ಮಾಡಬೇಕು. ಆಗ ಫೇಸ್‌ಗಳ ನಡುವಿನ ಇನ್ಸುಲೇಷನ್ನೂ ಲೆಕ್ಕಕ್ಕೆ ಬರುತ್ತದೆ. ಟೆಸ್ಟ್ ಲೀಡ್ ನೆಲದ ಮೇಲೆ ಎಳೆದಾಡಬಾರದು, ಗಾಳಿಯಲ್ಲಿ ತೂಗಬೇಕು. ಟರ್ಮಿನಲ್ ಪಿಂಗಾಣಿ ಕೊಳೆಯಾಗಿದ್ದರೆ ಅದರ ನಡುವಿಗೆ ಬರಿ ತಂತಿ ಸುತ್ತಿ ಗಾರ್ಡ್ ಟರ್ಮಿನಲ್ಲಿಗೆ ಕಟ್ಟಿದರೆ ಮೇಲ್ಮೈ ಸೋರಿಕೆ ಲೆಕ್ಕದಿಂದ ಹೊರಗುಳಿಯುತ್ತದೆ.

ಉಷ್ಣತೆಯ ವಿಷಯ ಕಟ್ಟುನಿಟ್ಟು. ಪ್ರತಿ 10 ಡಿಗ್ರಿ ಏರಿಕೆಗೆ ರೆಸಿಸ್ಟೆನ್ಸ್ ಸುಮಾರಾಗಿ ಅರ್ಧವಾಗುತ್ತದೆ; 60 ಡಿಗ್ರಿಯಲ್ಲಿ ಬಂದ 100 ಮೆಗಾಓಮ್, 40 ಡಿಗ್ರಿಗೆ ಹೊಂದಿಸಿದರೆ 400. ಪಿಐ ಅನುಪಾತವಾದ್ದರಿಂದ ಈ ತಿದ್ದುಪಡಿ ಬೇಡ ಎನ್ನುವುದು ನಿಜ, ಆದರೆ ಟೆಸ್ಟಿನ ಹತ್ತು ನಿಮಿಷ ಉಷ್ಣತೆ ನಿಂತಿದ್ದರೆ ಮಾತ್ರ. ಈಗಷ್ಟೇ ನಿಲ್ಲಿಸಿದ ಬಿಸಿ ಮೋಟರು ಆ ಹೊತ್ತಿನಲ್ಲಿ 5 ಡಿಗ್ರಿ ತಣಿದರೆ ಪಿಐ ಸುಮ್ಮನೆ 1.4 ಪಟ್ಟು ಏರಿ ಕಾಣುತ್ತದೆ. ವೈಂಡಿಂಗ್ ಇಬ್ಬನಿ ಬಿಂದುವಿಗಿಂತ ತಣ್ಣಗಿದ್ದರೆ ಮೇಲೆ ನೀರು ಕೂತು, ಒಳ್ಳೆಯ ವೈಂಡಿಂಗ್ ಕೂಡ ಫೇಲಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು ಇನ್ನೊಂದು: ಮೊದಲ ಸಲ ಅಂಕಿ ಬರೆದುಕೊಳ್ಳುವುದು ತಪ್ಪಿತೆಂದು ತಕ್ಷಣ ಮತ್ತೆ ಟೆಸ್ಟ್ ಮಾಡುವುದು. ನಿರೋಧಕ ಆಗಲೇ ಧ್ರುವೀಕರಣಗೊಂಡಿದೆ, ಎರಡನೇ ಸಲ ಅದಕ್ಕೆ ಹೊಸ ಕರೆಂಟು ಬೇಡ. ಒಂದನೇ ನಿಮಿಷದಲ್ಲೇ 1,100 ತೋರಿಸಿ, ಹತ್ತಕ್ಕೆ 1,200, ಪಿಐ 1.1! ಒಣಗಿದ ಮೋಟರನ್ನು ಒದ್ದೆ ಎಂದು ಓವನ್‌ಗೆ ಕಳಿಸುತ್ತಾರೆ. ಲೀಡ್ ಅದಲುಬದಲಾಗಿ ಧ್ರುವತೆ ತಿರುಗಿದ್ದರೆ ಇದರ ಉಲ್ಟಾ: ಹಳೆಯದನ್ನು ಬಿಡಿಸಿ ಹೊಸದನ್ನು ಕೂರಿಸಲು ಎರಡು ಪಾಲು ಕರೆಂಟು ಬೇಕಾಗಿ ಆರಂಭದ ಅಂಕಿ ಗಾಬರಿಯಾಗುವಷ್ಟು ಕೆಳಗೆ ಬರುತ್ತದೆ.

ಹಾಗಾಗಿ ಟೆಸ್ಟ್ ಮುಗಿದ ಮೇಲಿನ ಡಿಸ್‌ಚಾರ್ಜ್‌ಗೆ ನಿಯಮವಿದೆ: ಚಾರ್ಜ್ ಮಾಡಿದ ಹೊತ್ತಿನ ಕನಿಷ್ಠ ನಾಲ್ಕು ಪಟ್ಟು ಹೊತ್ತು ಭೂಮಿಗೆ ಕಟ್ಟಿರಬೇಕು. ಹತ್ತು ನಿಮಿಷದ ಟೆಸ್ಟಿಗೆ ನಲವತ್ತು ನಿಮಿಷ. ಇದು ಬರೀ ಅಂಕಿಯ ಶುದ್ಧತೆಗಾಗಿ ಅಲ್ಲ, ಜೀವದ ಪ್ರಶ್ನೆ. ಅರ್ಥಿಂಗ್ ರಾಡ್ ಮುಟ್ಟಿಸಿದಾಗ ಚಟ್ ಎಂದು ಕಿಡಿ ಹಾರಿ ಹೋಗುವುದು ಫಲಕಗಳ ಮೇಲಿನ ಚಾರ್ಜ್ ಮಾತ್ರ. ಒಳಗಿನ ನಿಧಾನದ ದ್ವಿಧ್ರುವಗಳು, ಗಡಿಯ ಅಯಾನುಗಳು ಇನ್ನೂ ವಾಲಿಕೊಂಡೇ ಇರುತ್ತವೆ. ರಾಡ್ ತೆಗೆದ ಮೇಲೆ ಅವು ಮೆಲ್ಲಗೆ ತಮ್ಮ ಜಾಗಕ್ಕೆ ಮರಳುತ್ತಾ, ಎಲ್ಲೂ ಹೋಗಲಾಗದ ಚಾರ್ಜನ್ನು ಟರ್ಮಿನಲ್ಲಿಗೆ ತಂದು ನಿಲ್ಲಿಸುತ್ತವೆ. ಸತ್ತಿದೆ ಎಂದುಕೊಂಡ ತಂತಿಯಲ್ಲಿ ಕೆಲವು ನಿಮಿಷದಲ್ಲಿ ನೂರಾರು ವೋಲ್ಟ್ ಎದ್ದಿರುತ್ತದೆ.

ಇದನ್ನು ಅಪಾಯವಿಲ್ಲದೆ ಮೇಜಿನ ಮೇಲೆ ನೋಡಬಹುದು. 1,000 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಎಲೆಕ್ಟ್ರೋಲೈಟಿಕ್ ಕೆಪಾಸಿಟರನ್ನು ಧ್ರುವತೆ ನೋಡಿಕೊಂಡು 20 ವೋಲ್ಟಿಗೆ ಹತ್ತು ನಿಮಿಷ ಕಟ್ಟಿಡಿ. ತೆಗೆದು, 100 ಓಮ್ ರೆಸಿಸ್ಟರಿನಿಂದ ಖಾಲಿ ಮಾಡಿ, ಆಮೇಲೆ ಹತ್ತು ಸೆಕೆಂಡ್ ನೇರ ಶಾರ್ಟ್ ಮಾಡಿ. ಮೀಟರು ಸೊನ್ನೆ ತೋರಿಸುತ್ತದೆ. ಶಾರ್ಟ್ ತೆಗೆದು ಮೀಟರನ್ನು ಹಾಗೇ ಬಿಟ್ಟು ನೋಡುತ್ತಿರಿ: ಮಿಲಿವೋಲ್ಟ್‌ಗಳಿಂದ ಶುರುವಾಗಿ ಅಂಕಿ ಏರುತ್ತಾ ಹೋಗುತ್ತದೆ. ಎಲೆಕ್ಟ್ರೋಲೈಟಿಕ್‌ಗಳಲ್ಲಿ ಮೊದಲ ವೋಲ್ಟೇಜಿನ ಶೇ 10ರವರೆಗೂ ಮರಳುವುದುಂಟು. ಪಾಲಿಪ್ರೊಪಿಲೀನ್‌ನಲ್ಲಿ ಶೇ 0.1 ಕೂಡ ದಾಟುವುದು ಅಪರೂಪ. ಅದನ್ನು ಸಾಧಾರಣ ಮಲ್ಟಿಮೀಟರಿನಲ್ಲಿ ಹಿಡಿಯಲಾಗದು, ಮೀಟರಿನ 10 ಮೆಗಾಓಮ್ ರೋಧವೇ ಆ ಚೂರು ಚಾರ್ಜನ್ನು ಕುಡಿದುಬಿಡುತ್ತದೆ.

ಎಚ್‌ವಿ ಕೆಪಾಸಿಟರುಗಳು ಗೋದಾಮಿನಲ್ಲಿ ಎರಡು ಟರ್ಮಿನಲ್ ನಡುವೆ ತಾಮ್ರದ ತಂತಿ ಬಿಗಿಸಿಕೊಂಡೇ ಕೂತಿರುತ್ತವೆ. ಪ್ಯಾಕಿಂಗಿನ ತಂತಿ ಎಂದುಕೊಂಡು ಅದನ್ನು ಮುಂಚಿತವಾಗಿ ಬಿಚ್ಚಬೇಡಿ. ಜೋಡಿಸುವ ಕೊನೆಯ ಘಳಿಗೆಯಲ್ಲಿ ಬಿಚ್ಚಿ, ಸರ್ಕೀಟಿನಿಂದ ಹೊರತೆಗೆದ ಮೇಲೆ ಪೂರ್ತಿ ಡಿಸ್‌ಚಾರ್ಜ್ ಮಾಡಿ, ಮತ್ತೆ ಅದೇ ತಂತಿ ಬಿಗಿಯಿರಿ.